ಹಲ್ಲು ಹಾಕ್ಕೊಂಡು ಹೇಳಿ

ಮಂಚದ ಮೇಲೆ ಗಂಡನನ್ನು ಮಲಗಿಸಿದ್ದರು. ಮಂಚದ ಕೆಳಗೆ ಹೆಂಡತಿ ಬೋರಲಾಗಿ ಮಲಗಿ, ಪೊರಕೆಯ ಹಿಡಿಯಿಂದ ಗೋಡೆಯ ಮೂಲೆಯನ್ನು ಕೆದಕುತ್ತಿದ್ದಳು. ಒಂಟಿ ಚಪ್ಪಲಿ ಬಂತು, ಒಣಗಿ ಕಡ್ಡಿಯಾದ ಕುಂಚ ಬಂತು, ಹಲ್ಲು ಮಾತ್ರ ಬರಲಿಲ್ಲ.

“ಅತ್ತಿಗೆ, ಜನ ಬರೋ ಹೊತ್ತಾಯ್ತು. ಅಲ್ಲೇನು ಮಾಡ್ತಿದ್ದೀರಿ?” ಮೈದುನನ ಪಾಲಿಶ್ ಮಾಡಿದ ಬೂಟುಗಳು ಮಂಚದ ಅಂಚಿನಲ್ಲಿ ಬಂದು ನಿಂತವು.

“ಹಲ್ಲು ಹುಡುಕ್ತಿದ್ದೀನಿ.”

“ಯಾರ ಹಲ್ಲು?”

“ನಿಮ್ಮಣ್ಣಂದು. ನಂದಿನ್ನೂ ಬಾಯಲ್ಲೇ ಇದೆ.”

ಸರ್ಕಾರಿ ಕಚೇರಿಯೊಂದರಲ್ಲಿ ಆಯುಷ್ಯವನ್ನೆಲ್ಲ ಸವೆಸಿ ನಿವೃತ್ತನಾದ ಮೈದುನ, ಅಣ್ಣನ ಸಾವನ್ನು ಒಂದು ವರ್ಗಾವಣೆಯ ಹಾಗೆ ನಿಭಾಯಿಸುತ್ತಿದ್ದ. ಗಾಡಿಗೆ ಹೇಳಿದ್ದಾಗಿತ್ತು, ಕುರ್ಚಿಗಳು ಬಂದಿದ್ದವು, ಹೂವು ಬರುವುದಿತ್ತು. ಹಲ್ಲಿನ ವಿಷಯ ಅವನ ಲೆಕ್ಕಾಚಾರದಲ್ಲಿರಲಿಲ್ಲ.

ಅವಳು ಎದ್ದು ಸೀರೆ ಕೊಡವಿಕೊಂಡಳು. ಕೈತೊಳೆಯುವ ಜಾಗಕ್ಕೆ ಹೋಗಿ ಗಾಜಿನ ಲೋಟವನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದು ನೋಡಿದಳು. ನೀರಿತ್ತು. ಮನೆಗೆ ಬಂದವನು ಹಲ್ಲಿನ ಸೆಟ್ಟನ್ನು ಆ ಲೋಟದಲ್ಲಿ ಮುಳುಗಿಸಿಡುತ್ತಿದ್ದ, ಹೊರಡುವಾಗ ಹಾಕಿಕೊಳ್ಳುತ್ತಿದ್ದ. ಹೊರಗೆ ಹೋಗದೆ ಸತ್ತವನ ಹಲ್ಲು ಲೋಟದಲ್ಲಿರಬೇಕಿತ್ತು. ಇರಲಿಲ್ಲ. ದಿಂಬಿನಡಿ, ಶರಟಿನ ಜೇಬು, ಬಣ್ಣದ ಚೀಲ, ಎಲ್ಲ ನೋಡಿ ಮುಗಿದಿತ್ತು.

“ಅಮ್ಮಾ, ಬಿಡು ಅದನ್ನ,” ಟೀ ಲೋಟಗಳನ್ನು ಜೋಡಿಸುತ್ತಿದ್ದ ಮಗಳು ಹೇಳಿದಳು. “ಈಗ ಅದರಿಂದ ಏನಾಗಬೇಕಾಗಿದೆ?”

“ಬೋಡುಬಾಯಲ್ಲಿ ಕಳಿಸಲ್ಲ. ಗಾಡಿ ಬರೋದರೊಳಗೆ ಸಿಗಬೇಕು.”

ಹಾಗೆ ಹೇಳುವಾಗ ಅವಳ ಎಡಗೈ ಎಡಗೆನ್ನೆಗೆ ಹೋಯಿತು. ಆ ಬದಿಯ ಕೆಳದವಡೆಯ ನೋಯುವ ಹಲ್ಲೊಂದು ಎರಡು ತಿಂಗಳಿಂದ ಅವಳ ಜೊತೆ ಸಂಸಾರ ಮಾಡುತ್ತಿತ್ತು. ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು ಇದನ್ನು ನೋಡಿ, ಬಂದವರಿಗೆ ತಗ್ಗಿದ ದನಿಯಲ್ಲಿ ವಿವರಿಸುತ್ತಿದ್ದಳು. “ಬೆಳಿಗ್ಗೆ ಕೆನ್ನೆಗೆ ಕೈ ಕೊಟ್ಟವರು ಇಳಿಸೇ ಇಲ್ಲ ನೋಡಿ. ಒಂದು ಹನಿ ಕಣ್ಣೀರಿಲ್ಲ. ಎಲ್ಲ ಒಳಗೇ ನುಂಗ್ಕೊಂಡಿದ್ದಾರೆ.”

ನುಂಗುವ ಮಾತು ಸುಳ್ಳಾಗಿತ್ತು. ನಿನ್ನೆ ಮಧ್ಯಾಹ್ನದಿಂದ ಅವಳಿಗೆ ಏನನ್ನೂ ನುಂಗಲಾಗಿರಲಿಲ್ಲ.

*

ಗಂಡ ಬೋರ್ಡು ಬರೆಯುವವನು. ಏಣಿಯ ತುದಿಯಲ್ಲಿ ನಿಂತಾಗ ಒಂದು ಕೈ ಏಣಿಗೆ, ಒಂದು ಕೈ ಬಣ್ಣದ ಡಬ್ಬಿಗೆ. ಹಾಗಾಗಿ ಕುಂಚ ಹಲ್ಲಿಗೆ. ಮುಂದಿನ ಹಲ್ಲುಗಳು ಮೊದಲು ಸಡಿಲವಾದವು, ಉಳಿದವು ಅವುಗಳ ದಾರಿ ಹಿಡಿದವು. ಖಾಸಗಿ ಡಾಕ್ಟರು ಹೇಳಿದ ಬೆಲೆ ಕೇಳಿ ಗಟ್ಟಿಯಾಗಿದ್ದ ಒಂದೆರಡೂ ಅಲುಗಾಡಿದವು.

ಸರ್ಕಾರಿ ಆಸ್ಪತ್ರೆಯಲ್ಲಿ ಹಲ್ಲು ಕಟ್ಟಿಕೊಡುತ್ತಾರೆ, ಅದೂ ಬಿಟ್ಟಿ ಎಂದು ಯಾರೋ ಹೇಳಿದರು. ಅಂಥ ವಿಭಾಗವೊಂದು ಇದೆ ಎಂಬುದು ಆಸ್ಪತ್ರೆಯ ಗೇಟಿನ ಕಾವಲುಗಾರನಿಗೂ ಗೊತ್ತಿರಲಿಲ್ಲ. ಬಟ್ಟೆ ಒಗೆಯುವ ಶೆಡ್ಡಿನ ಹಿಂದೆ, ಮುರಿದ ಮಂಚಗಳನ್ನು ಪೇರಿಸಿಟ್ಟ ಓಣಿಯ ಕೊನೆಯಲ್ಲಿ ಅದಿತ್ತು. ಬೆಳಕು ಹರಿಯುವ ಮೊದಲೇ ಹೋಗಿ ಸಾಲಿನಲ್ಲಿ ನಿಲ್ಲಬೇಕು, ಮುಂದಿದ್ದ ನಾಲ್ಕು ಜನಕ್ಕೆ ಚೀಟಿ, ಉಳಿದವರಿಗೆ “ನಾಳೆ ಬನ್ನಿ.” ಅವನು ಎಷ್ಟು ನಾಳೆಗಳನ್ನು ಕಳೆದನೋ ಅವಳು ಎಣಿಸಲಿಲ್ಲ.

ಕೊನೆಗೊಂದು ದಿನ ಬಾಗಿಲು ಬಡಿದ. ತೆರೆದಳು. ಹೊಸ್ತಿಲಲ್ಲಿ ನಿಂತವನು ನಕ್ಕ. ಪ್ರಾರ್ಥನೆಗೆ ನಿಂತ ಶಾಲೆಯ ಮಕ್ಕಳ ಹಾಗೆ ಬೆಳ್ಳಗೆ, ಒಂದೇ ಎತ್ತರಕ್ಕೆ, ಶಿಸ್ತಾಗಿ ಬಾಯಿ ತುಂಬ ಹಲ್ಲು. ಆ ಮುಖಕ್ಕೂ ಆ ಬಾಯಿಗೂ ಪರಿಚಯವೇ ಇದ್ದಂತಿರಲಿಲ್ಲ. ಅವಳಿಗೆ ತಡೆಯಲಾಗಲಿಲ್ಲ.

“ಅಯ್ಯೋ! ಯಾರ್ರೀ ನೀವು? ಯಾರು ಬೇಕಾಗಿತ್ತು?” ಎಂದು ಗೋಡೆ ಹಿಡಿದುಕೊಂಡು ನಕ್ಕಳು.

ಅವನೂ ನಕ್ಕ. ಆದರೆ ಮಾರನೆಯ ದಿನದಿಂದ ಹೊಸ್ತಿಲಲ್ಲಿ ಚಪ್ಪಲಿಯ ಜೊತೆ ಹಲ್ಲನ್ನೂ ಕಳಚಿ ಒಳಗೆ ಬರತೊಡಗಿದ. ಬರಿಯ ಒಸಡಿನಲ್ಲಿ ಮಾತಾಡುವುದು ತ್ರಾಸದ ಕೆಲಸ. ಮಾತು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ವಯಸ್ಸಾದ ಮೇಲೆ ಗಂಡಸರು ಹೀಗೇ ಎಂದುಕೊಂಡಳು ಅವಳು. ಬೋರ್ಡು ಬರೆಸುವವರು ಇಲ್ಲವಾದ ಮೇಲೂ ಬೆಳಿಗ್ಗೆ ಹಲ್ಲು ಹಾಕಿಕೊಂಡು, ಬಣ್ಣದ ಚೀಲ ಹೆಗಲಿಗೇರಿಸಿ ಹೊರಡುತ್ತಿದ್ದ. “ಎಲ್ಲಿಗೆ?” ಎಂದರೆ “ಕೆಲಸ” ಎನ್ನುತ್ತಿದ್ದ. ಪಾರ್ಕಿನ ಬೆಂಚಿನ ಮೇಲೆ ಕೂತು ಬರುತ್ತಾನೆ ಎಂದು ಅವಳ ನಂಬಿಕೆ.

*

ಮೊದಲು ಬಂದ ಅಪರಿಚಿತ ಒಬ್ಬ ಟ್ಯಾಕ್ಸಿ ಡ್ರೈವರು. ಬಾಗಿಲು ತುಂಬುವಷ್ಟು ದೊಡ್ಡ ಮನುಷ್ಯ. ಒಳಗೆ ಬರುವಾಗಲೇ ಅಳುತ್ತಿದ್ದ.

“ಎಂಥಾ ಮಾತುಗಾರರು ಅಮ್ಮ! ಅವರ ಬಾಯಿ ಒಂದು ನಿಮಿಷ ಸುಮ್ಮನಿದ್ದದ್ದು ನಾನು ನೋಡಿಲ್ಲ. ಒಂದೇ ಸಮನೆ ಮಾತು, ಒಂದೇ ಸಮನೆ ನಗು. ಸಾಲಲ್ಲಿ ನಿಂತೋರಿಗೆ ನೋವೇ ಮರೆತುಹೋಗ್ತಿತ್ತು.”

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಹಿಂದಿನ ಬೀದೀಲೂ ಒಬ್ಬರು ತೀರ್ಕೊಂಡಿದ್ದಾರಪ್ಪ. ಮೇಷ್ಟ್ರು. ನೀವು ಅಲ್ಲಿಗೆ ಬಂದವರೇನೋ.”

“ಇಲ್ಲಮ್ಮ, ಬೋರ್ಡ್ ಯಜಮಾನ್ರು. ಬೋರ್ಡ್ ಬರೀತಿದ್ರಲ್ಲ?”

“ಬರೀತಿದ್ರು.”

“ಹಾಗಾದ್ರೆ ಅವರೇ.” ಡ್ರೈವರು ಕಣ್ಣೊರೆಸಿಕೊಂಡು ಮಂಚದ ಹತ್ತಿರ ಹೋದ, ಬಗ್ಗಿದ, ಅಳು ನಿಲ್ಲಿಸಿದ. ಒಳಕ್ಕೆ ಸೆಳೆದುಹೋದ ತುಟಿಗಳನ್ನು, ಮೂಗನ್ನು ಮುಟ್ಟಲು ಹೊರಟ ಗಲ್ಲವನ್ನು ನೋಡಿದ. ಹಿಂದಿರುಗಿ ಮೈದುನನ ಕಿವಿಯಲ್ಲಿ, ಆದರೆ ಎಲ್ಲರಿಗೂ ಕೇಳಿಸುವಂತೆ, “ಸಾರ್, ಇವರೇನಾ?” ಎಂದ.

ಆಮೇಲೆ ಆಸ್ಪತ್ರೆಯ ಶೆಡ್ಡಿನಲ್ಲಿ ಬಟ್ಟೆ ಒಗೆಯುವ ಇಬ್ಬರು ಹೆಂಗಸರು ಬಂದರು. ಮುಖ ನೋಡಿದರು, ಪರಸ್ಪರ ನೋಡಿಕೊಂಡರು, ಸದ್ದಿಲ್ಲದೆ ಹೊರಗೆ ಹೋಗಿ ಮನೆಯ ನಂಬರು ಓದಿಕೊಂಡು ಮತ್ತೆ ಬಂದರು. ಮೈದುನ ಬಾಗಿಲಿಗೇ ಹೋಗಿ ನಿಲ್ಲಬೇಕಾಯಿತು. “ಇದೇ ಮನೆ, ಬನ್ನಿ. ಇವರೇ, ಇವರೇ, ಬನ್ನಿ.”

ಅಂಗಳದ ಕುರ್ಚಿಗಳಲ್ಲಿ ಮಾತು ನಡೆದಿತ್ತು. ಟೀ ಕೊಡುವ ನೆಪದಲ್ಲಿ ಅವಳು ಅಲ್ಲೇ ಸುಳಿದಾಡಿದಳು.

“ಆಸ್ಪತ್ರೆ ಗೇಟ್ ಹತ್ರ ‘ಹಲ್ಲು ನೋಯುವವರು ಈ ಕಡೆ’ ಅಂತ ಬೋರ್ಡ್ ಬರೆದು ನಿಲ್ಲಿಸಿದ್ರು. ಪರ್ಮಿಶನ್ ಇಲ್ಲ ಅಂತ ದೊಡ್ಡ ಡಾಕ್ಟ್ರು ಕಿತ್ತು ಹಾಕಿಸಿದ್ರು.”

“ಮಾರನೇ ದಿನ ಅದರ ಎರಡರಷ್ಟು ದೊಡ್ಡದು ಬಂತು!”

“ಬಾಣದ ತುದಿಗೆ ಒಂದು ಹಲ್ಲು ಬೇರೆ ಬರೆದಿದ್ರು. ನಗ್ತಿರೋ ಹಲ್ಲು.”

“ದೊಡ್ಡ ಡಾಕ್ಟ್ರ ಕಾರಿಗೇ ಅಡ್ಡ ನಿಂತಿದ್ರು ಒಂದ್ಸಲ. ಬೆಳಿಗ್ಗೆ ಕೆಲಸಕ್ಕೆ ಹೋಗೋರು ಬೆಳಿಗ್ಗೆ ಸಾಲಲ್ಲಿ ಹೇಗೆ ನಿಲ್ತಾರೆ? ಹಲ್ಲುನೋವು ನಿಮ್ಮ ಆಫೀಸ್ ಟೈಮ್ ನೋಡ್ಕೊಂಡು ಬರುತ್ತಾ ಸ್ವಾಮಿ? ಅಂತ ಕೇಳಿದ್ರು,” ಎಂದ ಡ್ರೈವರು. “ಸಂಜೆ ಕ್ಲಿನಿಕ್ ಶುರುವಾಗಿದ್ದು ಅದಾದ ಮೇಲೇ. ನನ್ನ ಹಲ್ಲು ಉಳಿದಿದ್ದೂ ಅದರಿಂದಲೇ.” ತುಟಿ ಎಳೆದು ತೋರಿಸಿದ. ಬಟ್ಟೆ ಒಗೆಯುವವಳೊಬ್ಬಳು ತನ್ನದನ್ನೂ ತೋರಿಸಿದಳು. ಸಾವಿನ ಮನೆಯ ಅಂಗಳದಲ್ಲಿ ಜನ ಹೀಗೆ ಒಬ್ಬರಿಗೊಬ್ಬರು ಹಲ್ಲು ಕಿರಿಯುವುದನ್ನು ಕಂಡು ಮೈದುನ ಕೆಮ್ಮಿದ.

“ಅಪ್ಪ ಕಾರಿಗೆ ಅಡ್ಡ ನಿಂತಿದ್ರಾ?” ಮಗಳು ಮೆಲ್ಲಗೆ ಕೇಳಿದಳು. “ಅಮ್ಮಾ, ನಿಂಗೊತ್ತಿತ್ತಾ?”

“ಟೀ ಆರ್ತಿದೆ, ಕೊಡು,” ಎಂದಳು ತಾಯಿ.

ಒಳಗೆ ಬಂದು, ಯಾರೂ ಇಲ್ಲದ್ದು ನೋಡಿ, ಮಂಚದ ಬಳಿ ಬಗ್ಗಿದಳು. ಗಲ್ಲದಿಂದ ನೆತ್ತಿಗೆ ಬಿಗಿದ ಬಟ್ಟೆಯ ಗಂಟು ಒಂದು ಬದಿಗೆ ಜಾರಿತ್ತು. ಅದನ್ನು ಸರಿಪಡಿಸಿದಳು.

“ನೀವೇ ಏನ್ರೀ?” ಎಂದು ಕೇಳಿದಳು.

*

ನಿನ್ನೆ ಸಂಜೆ ಅವನು ಬಂದಾಗ ಅವಳು ಟೀವಿಯ ಮುಂದೆ, ಕೆನ್ನೆಗೆ ಬಿಸಿಬಟ್ಟೆ ಒತ್ತಿಕೊಂಡು ಕೂತಿದ್ದಳು. ಆಸ್ಪತ್ರೆಗೆ ಬಾ ಎಂದು ಅವನು ತಿಂಗಳ ಹಿಂದೆ ಒಮ್ಮೆ ಕರೆದಿದ್ದ. “ನಿಮ್ಮ ಸರ್ಕಾರಿ ಹಲ್ಲು ನಿಮಗೇ ಇರಲಿ,” ಎಂದು ಅವಳು ಮುಗಿಸಿದ್ದಳು.

ಅವನು ನೇರವಾಗಿ ಬಂದು ಟೀವಿಗೆ ಅಡ್ಡ ನಿಂತ. ಎಂದೂ ಇಲ್ಲದ ಉಮೇದು. ಒಸಡಿನಲ್ಲೇ ಏನೋ ಹೇಳತೊಡಗಿದ. ಅವಳ ಕೆನ್ನೆಯ ಕಡೆ ಬೆರಳು ತೋರಿಸಿದ, ಬೀದಿಯ ಕಡೆ ತೋರಿಸಿದ, ಕೊನೆಗೆ ತನ್ನ ಬಾಯಿಯ ಕಡೆ ತೋರಿಸಿಕೊಂಡು ಕೈ ಅಲ್ಲಾಡಿಸಿ ತಾನೇ ನಕ್ಕ. ಟೀವಿಯಲ್ಲಿ ಯಾರೋ ಯಾರನ್ನೋ ಬೈಯುತ್ತಿದ್ದರು. ನೋವು ಕಿವಿಯವರೆಗೂ ಏರಿತ್ತು.

“ಏನು ಗೊಣಗ್ತೀರೋ ಏನೋ. ಹಲ್ಲು ಹಾಕ್ಕೊಂಡು ಹೇಳಿ.”

ಅವನು ತಲೆಯಾಡಿಸಿದ. ಹಾಕಿಕೊಳ್ಳಲು ಮಾತ್ರ ಹೋಗಲಿಲ್ಲ, ಅಲ್ಲೇ ನಿಂತ.

“ಹೋಗ್ಲಿ ಬಿಡಿ, ಬೆಳಿಗ್ಗೆ ಹೇಳಿ.”

ಆಗಲಿ ಎಂಬಂತೆ ಕೈ ಎತ್ತಿ, ಅವಳ ಪಕ್ಕದಲ್ಲೇ ಕೂತು, ಬೈಗುಳ ಮುಗಿಯುವವರೆಗೂ ಟೀವಿ ನೋಡಿದ. ಬೆಳಿಗ್ಗೆ ಅವಳು ತಂದಿಟ್ಟ ಟೀ ತಣ್ಣಗಾಯಿತು. ಅದನ್ನೇ ಬಿಸಿ ಮಾಡಿ ಮತ್ತೆ ತಂದಿಟ್ಟಳು. ಅದೂ ತಣ್ಣಗಾದಾಗ ಅವನ ಭುಜ ಅಲ್ಲಾಡಿಸಿದಳು.

*

ಹೂವು ಬಂತು. ಮೈದುನ ಫೋನಿನಲ್ಲಿ ಗಾಡಿಯವನಿಗೆ ದಾರಿ ಹೇಳತೊಡಗಿದ್ದ. ಅವಳು ಅಡುಗೆಮನೆಯಲ್ಲಿ ಡಬ್ಬಗಳ ಹಿಂದೆ ಕೈಯಾಡಿಸುತ್ತಿದ್ದಾಗ ಹಿಂಬಾಗಿಲಲ್ಲಿ ಬಿಳಿ ಯೂನಿಫಾರಂ ತೊಟ್ಟ ಮಧ್ಯವಯಸ್ಸಿನ ಹೆಂಗಸೊಬ್ಬಳು ಕೈಚೀಲವನ್ನು ಎದೆಗವಚಿಕೊಂಡು ನಿಂತಿದ್ದಳು.

“ನಾನು ಹಲ್ಲಿನ ವಿಭಾಗದ ನರ್ಸ್ ಅಮ್ಮ. ಆಗಲೇ ಬಂದೆ. ಇದನ್ನ ಈಗ ಕೊಡಬೇಕೋ, ಆಮೇಲೆ ಕೊಡಬೇಕೋ, ಕೊಡಲೇಬಾರದೋ ಗೊತ್ತಾಗದೆ ಸುಮ್ಮನೆ ಹೊರಗಿದ್ದೆ.”

ಚೀಲದಿಂದ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದಳು. ಮುಚ್ಚಳದೊಳಗಿಂದ ಬೆಳ್ಳನೆಯದೇನೋ ಕಂಡಿತು. ಅವಳು ಡಬ್ಬಿಯನ್ನು ಕಿತ್ತುಕೊಂಡೇಬಿಟ್ಟಳು.

“ನಿಮ್ಮ ಹತ್ರ ಹೇಗೆ ಬಂತು?”

“ಅವರೇ ಕೊಟ್ಟಿದ್ದು. ನಿನ್ನೆ ಸಂಜೆ.” ಎಂದಳು ನರ್ಸ್. “ಈಗೆಲ್ಲ ಮಾರನೇ ದಿನದ ಪಾಳಿ ಚೀಟಿ ಹಿಂದಿನ ಸಂಜೆ ಕೊಡ್ತೀವಿ. ಪಾಳಿ ತಗೊಂಡು ಬರದೇ ಇರೋರು ಜಾಸ್ತಿ. ಕುರ್ಚಿ ಖಾಲಿ, ಹೊರಗೆ ಜನ ನೋವಲ್ಲಿ. ಅದಕ್ಕೇ, ನೋವಿರೋರು ಸ್ವತಃ ಬಂದರೇ ಪಾಳಿ ಅಂತ ರೂಲ್ಸ್ ಮಾಡಿಸಿದ್ದು ನಿಮ್ಮ ಯಜಮಾನ್ರೇ. ನಿನ್ನೆ ಅವರೇ ಬಂದು ‘ನನ್ನ ಹೆಂಡತಿಗೆ ಒಂದು ಪಾಳಿ ಕೊಡಿ’ ಅಂದ್ರು. ‘ನೀವು ಮಾಡಿಸಿದ ರೂಲ್ಸು ಯಜಮಾನ್ರೇ, ಅವರನ್ನೇ ಕರ್ಕೊಂಡು ಬನ್ನಿ’ ಅಂದೆ. ‘ಅವಳು ಬರಲ್ಲ, ನಾನು ಎಳ್ಕೊಂಡು ಬರ್ತೀನಿ’ ಅಂದ್ರು. ಗ್ಯಾರಂಟಿ ಏನು ಅಂದೆ, ತಮಾಷೆಗೆ. ಟಕ್ ಅಂತ ಹಲ್ಲು ತೆಗೆದು ಮೇಜಿನ ಮೇಲೆ ಇಟ್ಟುಬಿಟ್ರು! ‘ಒತ್ತೆ ಇಟ್ಕೊಳ್ಳಿ, ಅವಳ ಹಲ್ಲು ತೋರಿಸಿದ ಮೇಲೆ ಬಿಡಿಸ್ಕೋತೀನಿ’ ಅಂತ. ಹಲ್ಲಿಲ್ಲದೆ ಹೇಳಿದ್ದು, ಮೂರು ಸಲ ಹೇಳಿಸ್ಕೊಂಡ ಮೇಲೆ ಅರ್ಥವಾಯ್ತು. ಎಲ್ಲರೂ ಬಿದ್ದು ಬಿದ್ದು ನಕ್ವಿ.”

ಅವಳು ಡಬ್ಬಿಯ ಮುಚ್ಚಳ ತೆರೆದು ನೋಡಿದಳು.

“ಬೆಳಿಗ್ಗೆ ನಿಮ್ಮ ಪಾಳಿ ಕೂಗಿದೆ. ಇನ್ನೊಂದ್ಸಲ ಕೂಗಿದೆ. ಆಮೇಲೆ ಡ್ರೈವರ್ ಫೋನ್ ಮಾಡಿದ.”

“ಬನ್ನಿ, ಹಾಕಿಬಿಡಿ,” ಎಂದಳು ಅವಳು, ನಡುಮನೆಯ ಕಡೆ ತಿರುಗಿ. “ಗಾಡಿ ಬರುತ್ತೆ. ಪಾಪ, ಆ ಜನಕ್ಕೆ ಗುರುತೇ ಸಿಗ್ತಿಲ್ಲ.”

ನರ್ಸ್ ಅವಳ ತೋಳು ಹಿಡಿದಳು. “ಈಗ ಆಗಲ್ಲಮ್ಮ. ದವಡೆ ಬಿಗಿದುಹೋಗಿರುತ್ತೆ. ನೋಯಿಸಿದ ಹಾಗಾಗುತ್ತೆ.” ಸತ್ತವನಿಗೆ ನೋವೆಂಥದು ಎಂದು ಇಬ್ಬರಿಗೂ ಹೊಳೆಯಲಿಲ್ಲ.

“ಹಾಗಾದ್ರೆ ಜೇಬಲ್ಲಾದ್ರೂ ಹಾಕಿ ಕಳಿಸ್ತೀನಿ.”

“ಕಳಿಸಿ.”

ಎರಡು ಹೆಜ್ಜೆ ಹೋದವಳು ನಿಂತಳು. ತಿರುಗಿ ಬಂದು ಡಬ್ಬಿಯನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು. ತರಕಾರಿ ಹೆಚ್ಚುವಾಗ ಕೂರುವ ಸ್ಟೂಲನ್ನು ಎಳೆದುಕೊಂಡು, ಬೆಳಕಿಗೆ ಮುಖಮಾಡಿ ಕೂತಳು.

“ನೋಡಿ.”

“ಏನನ್ನ?”

“ನನ್ನ ಹಲ್ಲು. ಎಡಗಡೆ, ಕೆಳಗೆ. ಒತ್ತೆ ಬಿಡಿಸ್ಕೊಳ್ಳದೆ ಹೇಗೆ ತಗೊಂಡು ಹೋಗ್ಲಿ?”

“ಅಮ್ಮಾ, ಇವತ್ತಾ? ನಾನು ಡಾಕ್ಟರೂ ಅಲ್ಲ.”

“ಅವರೇನು ಡಾಕ್ಟರಾಗಿದ್ರಾ?”

ನರ್ಸ್ ಕೈಚೀಲ ಕೆಳಗಿಟ್ಟು, ಸಿಂಕಿನಲ್ಲಿ ಸೋಪು ಹಾಕಿ ಕೈ ತೊಳೆದು, ಮೊಬೈಲಿನ ಟಾರ್ಚು ಹೊತ್ತಿಸಿದಳು. “ಆ ಅನ್ನಿ.”

ಬೀದಿಯಲ್ಲಿ ಗಾಡಿಯ ಹಾರ್ನ್ ಕೇಳಿಸಿತು. ಬೂಟಿನ ಸದ್ದು ನಡುಮನೆ ದಾಟಿ ಬಂತು. “ಅತ್ತಿಗೆ, ಗಾಡಿ...” ಎಂದ ಮೈದುನ ಬಾಗಿಲಲ್ಲೇ ಕಲ್ಲಾದ. ಬಗ್ಗಿದ್ದ ನರ್ಸಿನ ಭುಜದ ಮೇಲಿಂದ ಅವನಿಗೆ ಕಂಡದ್ದು ಅತ್ತಿಗೆಯ ಮುಖ: ಮೇಲಕ್ಕೆತ್ತಿದ್ದು, ಬಾಯಿ ಅಗಲಕ್ಕೆ ತೆರೆದದ್ದು, ಒಂದು ಸದ್ದೂ ಇಲ್ಲದ್ದು, ಎರಡೂ ಕಣ್ಣುಗಳಿಂದ ನೀರು ಕಿವಿಯವರೆಗೂ ಇಳಿಯುತ್ತಿದ್ದದ್ದು.

ಅವನು ಕನ್ನಡಕ ತೆಗೆದ. ತುದಿಗಾಲಿನಲ್ಲಿ ಹಿಂದೆ ಸರಿದ. ಅಂಗಳದಲ್ಲಿ ಅವನ ದನಿ, ಕಚೇರಿಯದಲ್ಲದ ದನಿ, ಅವಳಿಗೂ ಕೇಳಿಸಿತು.

“ಸ್ವಲ್ಪ ತಡೀರಪ್ಪ. ಅತ್ತಿಗೆ ಈಗ ಅಳ್ತಿದ್ದಾರೆ.”

“ಸದ್ಯ,” ಎಂದಳು ಪಕ್ಕದ ಮನೆಯಾಕೆ.

“ಇನ್ನೂ ಸ್ವಲ್ಪ ತೆಗೀರಿ ಅಮ್ಮ,” ಎಂದಳು ನರ್ಸ್.

ಅವಳು ಇನ್ನೂ ಸ್ವಲ್ಪ ತೆರೆದಳು. ಕಿಟಕಿಯ ಕಟ್ಟೆಯ ಮೇಲಿನ ಡಬ್ಬಿಯಲ್ಲಿ ಅವನ ಹಲ್ಲುಗಳು, ಅವಳಷ್ಟೇ ಅಗಲವಾಗಿ ತೆರೆದುಕೊಂಡು, ಬೆಳಕಿಗೆ ಮುಖಮಾಡಿದ್ದವು.