ಅಪ್ಪನ ನಾಲಿಗೆಯ ಮೇಲಿನ ಜೀರುಂಡೆ

ಜೇಡ್ ಕಡೆಯುವವರ ಪೇಟೆಯಾದ ಶಿಫೋಸಿಯಲ್ಲಿ ಹೆಣ್ಣುಮಕ್ಕಳು ಜೇಡ್ ಕಲ್ಲಿಗೆ ಹೊಳಪು ಕೊಡುತ್ತಿದ್ದರೇ ಹೊರತು ಕಡೆಯುವ ಚಕ್ರದ ಮುಂದೆ ಕೂರುತ್ತಿರಲಿಲ್ಲ. ಮೆಂಗ್ ಮುದುಕ ಮಾತ್ರ ಮಗಳು ಸೂಚಿನ್‌ಳನ್ನು ಕೂರಿಸಿದ. ಮಗ ಶೌಯಿಗೆ ಈ ಕೆಲಸ ಹತ್ತಲಿಲ್ಲ, ಮಗಳಿಗೆ ಹತ್ತಿತು. "ಕಲ್ಲಿಗೆ ಗಂಡು ಹೆಣ್ಣು ಗೊತ್ತಾಗಲ್ಲ ಕಣೇ, ಕಳ್ಳಗೈ ಮಾತ್ರ ಗೊತ್ತಾಗತ್ತೆ" ಎನ್ನುತ್ತಿದ್ದ.

ಕೆಮ್ಮು ಎದೆಗಿಳಿದು ಹಾಸಿಗೆ ಹಿಡಿದಾಗ ಅವನು ದಿಂಬಿನಡಿಯಿಂದ ಒಂದು ಬಿಳಿ ಜೇಡ್ ತುಂಡು ತೆಗೆದು ಅವಳ ಕೈಗಿಟ್ಟ. ಖೋತಾನಿನ ನದಿಯಲ್ಲಿ ಸಿಕ್ಕ, ಬೆಣ್ಣೆಯಂಥ ಕಲ್ಲು. ಬರಗಾಲದಲ್ಲಿ ಮರದ ತೊಗಟೆ ತಿಂದಾಗಲೂ ಅವನು ಅದನ್ನು ಮಾರಿರಲಿಲ್ಲ.

"ಇದ್ರಲ್ಲೊಂದು ಜೀರುಂಡೆ ಕಡಿ. ಸತ್ತಾಗ ನನ್ನ ನಾಲಿಗೆ ಮೇಲಿಡೋಕೆ."

"ಅದೆಲ್ಲ ರಾಜರ ಕಾಲದ್ದಲ್ವೇನಪ್ಪಾ?"

"ಆಗ್ಲಿ. ಜೀರುಂಡೆ ವರ್ಷಗಟ್ಲೆ ಮಣ್ಣಲ್ಲಿದ್ದು ರೆಕ್ಕೆ ಕಟ್ಕೊಂಡು ಮೇಲೆ ಬರತ್ತಲ್ಲ. ಜನ್ಮವಿಡೀ ಕಂಡೋರಿಗೆಲ್ಲ ಕಡೆದುಕೊಟ್ಟೆ. ಹೋಗೋವಾಗ ನಂದೂ ಅಂತ ಒಂದು ಚೂರಿರ್ಲಿ."

ಕಡೆಯುವಾಗ ಸೂಚಿನ್‌ಳ ಕಣ್ಣು ಮಂಜಾಗಿ ಎಡ ರೆಕ್ಕೆಯ ಮೇಲೆ ಚಕ್ರ ಒಂದಿಷ್ಟು ಜಾರಿತು. ಅಪ್ಪ ಹೆಬ್ಬೆರಳಲ್ಲಿ ಸವರಿ ನೋಡಿ ನಕ್ಕ. "ಇರ್ಲಿ ಬಿಡು. ನೀನು ಮಾಡಿದ್ದು ಅಂತ ಗುರುತು."

ಅವನು ಸತ್ತ ದಿನ ಬಾಯಿಗೆ ಜೇಡ್ ಇಡುವ ಹಕ್ಕು ಹಿರಿಮಗನದಾಗಿತ್ತು. ಶೌಯಿ ಒಳಗೆ ಹೋಗಿ ಬಂದು, "ಇಟ್ಟೆ ಕಣೇ. ಅಪ್ಪನ ಮುಖ ಎಷ್ಟು ಶಾಂತವಾಯ್ತು ಗೊತ್ತಾ" ಎಂದು ಅತ್ತ. ಸೂಚಿನ್ ನಂಬಿದಳು. ಪ್ರತಿ ವಸಂತದಲ್ಲೂ ಗೋರಿ ಗುಡಿಸುವಾಗ, "ರೆಕ್ಕೆ ಬಂತೇನಪ್ಪಾ?" ಎಂದು ಕೇಳುತ್ತಿದ್ದಳು.

ಮುಂದೆ ಉತ್ತರಕ್ಕೆ ನೀರೊಯ್ಯುವ ಕಾಲುವೆ ಗೋರಿಯಿದ್ದ ಹೊಲದ ಮೇಲೆಯೇ ಬಂತು. ಗೋರಿಗಳನ್ನು ಎಬ್ಬಿಸಬೇಕಾಯಿತು. ಮೂಳೆಗೆ ಬಿಸಿಲು ತಾಗದಂತೆ ಕಪ್ಪು ಬಟ್ಟೆ ಹಿಡಿದು ಪೆಟ್ಟಿಗೆ ತೆರೆದರು. ಅಗೆಯುವವನು ತಲೆಬುರುಡೆ ಎತ್ತಿದಾಗ ಪುಟ್ಟದೇನೋ ಜಾರಿ ಬಿತ್ತು. ಸೂಚಿನ್ ಅದನ್ನು ತನ್ನ ಅಂಗಿಯ ತುದಿಯಲ್ಲೇ ಒರೆಸಿದಳು.

ಗಾಜು. ಅಚ್ಚಿಗೆ ಹೊಯ್ದ ಗಾಜು. ಒಳಗೊಂದು ಗಾಳಿಗುಳ್ಳೆ. ಎರಡು ರೆಕ್ಕೆಯೂ ಒಂದೇ ಸಮ.

"ಅಣ್ಣ, ಇದೇನು?"

ಶೌಯಿ ಹೊಂಡದ ಕಡೆ ನೋಡುತ್ತ ನಿಂತ. ಉತ್ತರ ಬಂದದ್ದು ಹಿಂದೆ ಸ್ಟೂಲಿನ ಮೇಲೆ ಕೂತಿದ್ದ ಅಮ್ಮನಿಂದ.

"ಅವನ್ನ ಯಾಕೆ ಕೇಳ್ತೀಯ? ಇಡಬೇಡ ಅಂದೋಳು ನಾನು. ಇವನ ಮಗ ಹೈತಾವೋಗೆ ವಿದ್ಯುತ್ ಕಚೇರೀಲಿ ಕೆಲಸ ಆಗ್ಬೇಕಿತ್ತು. ಅಲ್ಲಿಯ ದೊಡ್ಡ ಮನುಷ್ಯನಿಗೆ ಬಿಳೀ ಜೇಡ್ ಹುಚ್ಚು, ಅವನಿಗೆ ಕೊಟ್ವಿ. ಸತ್ತೋರು ಅದನ್ನ ಅಗಿದು ತಿಂತಾರೇನೇ? ಮೊಮ್ಮಗ ಉಣ್ಣಬೇಡ್ವಾ?"

ಸೂಚಿನ್ ಸುತ್ತ ನೋಡಿದಳು. ಅತ್ತಿಗೆ ಬಟ್ಟೆಯ ತುದಿ ಬಿಗಿಯಾಗಿ ಹಿಡಿದಿದ್ದಳು, ಚಿಕ್ಕಪ್ಪ ಕೆಮ್ಮಿದ. ಯಾರ ಮುಖದಲ್ಲೂ ಅಚ್ಚರಿ ಇರಲಿಲ್ಲ.

"ನನ್ನ ಕೇಳಿದ್ರೆ ಇನ್ನೊಂದು ಕಡೆದುಕೊಡ್ತಿದ್ದೆ. ಬೇರೆ ಕಲ್ಲಲ್ಲಿ. ರಾತ್ರಿ ಹಗಲು ಕೂತು ಕೊಡ್ತಿದ್ದೆ."

"ನೀನು ಒಪ್ತಿರ್ಲಿಲ್ಲ" ಎಂದ ಶೌಯಿ.

"ಕೇಳಲೇ ಇಲ್ವಲ್ಲ, ಅಣ್ಣ."

ಅವಳು ಆ ಗಾಜನ್ನು ಅಗೆದ ಮಣ್ಣಿನ ಗುಡ್ಡೆಗೆ ಎಸೆದಳು. ಮೂಳೆಗಳನ್ನು ತಾನೇ ಒಂದೊಂದಾಗಿ ಒರೆಸಿ ಹೊಸ ಪೆಟ್ಟಿಗೆಗೆ ಜೋಡಿಸಿದಳು. ಬಾಯಿ ಬರಿದಾಗಿಯೇ ಉಳಿಯಿತು. ಹೊಸ ಗೋರಿಯ ಮುಂದೆ ಎಲ್ಲರೂ ಮಂಡಿಯೂರಿದಾಗ ಅವಳೊಬ್ಬಳು ದೂರ ನಿಂತಳು.

ಆ ವಾರವೇ ಅವಳು ಅಣ್ಣನ ಮನೆಯಂಗಳದಿಂದ ಚಕ್ರ ಕೀಳಿಸಿ ಪೇಟೆಯ ಆ ತುದಿಗೆ ಸಾಗಿಸಿದಳು. ಅಲ್ಲಿಗೆ ಮೊದಲು ಬಂದವನು ಹೈತಾವೋ. ಈಗ ಅವನಿಗೇ ಒಬ್ಬ ಮಗಳಿದ್ದಳು. ಚಿಕ್ಕವನಿದ್ದಾಗ ಸೂಚಿನ್‌ಳ ಮಡಿಲಲ್ಲೇ ಮಲಗುತ್ತಿದ್ದವನು.

"ಅತ್ತೆ, ನಂಗೆ ಗೊತ್ತಿರ್ಲಿಲ್ಲ" ಎಂದ, ನೆಲ ನೋಡುತ್ತ.

ನಂಬಬೇಕೆಂದು ಅವಳಿಗೆ ಬಹಳ ಆಸೆಯಿತ್ತು. "ಕೂತ್ಕೋ" ಎಂದು ಒಂದು ಬಟ್ಟಲು ನೂಡಲ್ಸ್ ಮುಂದಿಟ್ಟಳು. ಅವನು ತಲೆಯೆತ್ತುತ್ತಾನೇನೋ ಎಂದು ಊಟ ಮುಗಿಯುವವರೆಗೂ ಎದುರಿಗೆ ಕೂತು ಕಾದಳು. ಅವನು ಎತ್ತಲಿಲ್ಲ.