ಲಾಡಿಪೊನ ಅಪ್ಪಣೆ

ಕೋಲಾ ಕಾಯಿಯ ನಾಲ್ಕು ಹೋಳೂ ಮತ್ತೆ ಬೋರಲಾಗಿಯೇ ಬಿದ್ದವು.

"ಬೇಡ ಅಂತಾನೆ ಅತ್ತಿಗೆ," ಎಂದಳು ಅಶಾಬಿ. ಲಾಡಿಪೊನ ಗೋರಿಯ ಪಕ್ಕ ಮಂಡಿಯೂರಿದ್ದ ಅವಳ ದನಿಯಲ್ಲಿ ಖುಷಿ ಇಣುಕಿದಂತಾಗಿ ಬೆನೆಬಾಳ ಮೈ ಉರಿಯಿತು.

"ನೀನು ಎಸೆಯೋದೇ ಹಾಗೆ. ನೆಟ್ಟಗೆ ಎಸೆ."

"ಯಾರು ಎಸೆದ್ರೇನು? ಹೇಳೋನು ಅಣ್ಣ."

ಅಣ್ಣನಂತೆ! ಒಡಹುಟ್ಟಿದವರೇನಲ್ಲ. ಗುಲಾಮರ ಹಡಗೊಂದರ ತಳದಲ್ಲಿ ಒಟ್ಟಿಗೆ ಬಿದ್ದಿದ್ದವರು. ಇಂಗ್ಲಿಷರ ಕಾವಲು ಹಡಗು ಹಿಡಿದು ಈ ಫ್ರೀಟೌನಿನಲ್ಲಿ ಇಳಿಸಿದಾಗ ಒಟ್ಟಿಗೆ ಇಳಿದವರು. ಅಷ್ಟಕ್ಕೇ ಲಾಡಿಪೊ ಅವಳಿಗೆ ಅಣ್ಣ, ಅವನನ್ನು ಕಟ್ಟಿಕೊಂಡ ಬೆನೆಬಾಳಿಗೆ ಅವಳು ನಾದಿನಿ.

ಬೆನೆಬಾ ಬೇರೆ ಹಡಗಿನವಳು. ಜಮೈಕಾದ ಬೆಟ್ಟದಲ್ಲಿ ಅವಳ ಜನ ಇಂಗ್ಲಿಷರ ಮೇಲೆ ಬಂದೂಕು ಎತ್ತಿದ್ದಕ್ಕೆ ಇಡೀ ಊರನ್ನೇ ಹಡಗಿಗೆ ತುಂಬಿ, ಮೊದಲು ಹಿಮ ಬೀಳುವ ದೇಶಕ್ಕೆ, ಆಮೇಲೆ ಇಲ್ಲಿಗೆ ತಂದು ಸುರಿದಿದ್ದರು. ಆಗ ಅವಳು ಹಾಲುಹಲ್ಲು ಬೀಳುವ ಹುಡುಗಿ. ಈಗ, ತಲೆ ನರೆತ ಮೇಲೆ, ಜಮೈಕಾದ ಕಬ್ಬಿನ ತೋಟಗಳಿಗೆ ಆಳು ಸಾಲದೆ ಅದೇ ಇಂಗ್ಲಿಷರು ಬರುವವರು ಬನ್ನಿ ಎಂದು ಹಡಗು ಕಳಿಸಿದ್ದರು. ಕಡಲಿನ ಇಳಿತ ಶುರುವಾದೊಡನೆ ಅದು ಹೊರಡುತ್ತಿತ್ತು.

ಕೇಳದೆ ಹೋಗಬಹುದಿತ್ತು. ಕೋಲಾ ಎಸೆದು ಸತ್ತವರನ್ನು ಕೇಳುವುದು ಗಂಡನ ಕಡೆಯವರ ಪದ್ಧತಿ, ಅವಳದಲ್ಲ. ಆದರೆ ಅವನು ಸತ್ತಾಗಿನಿಂದ ಸೂರು ಹೊದಿಸುವಾಗ ಕೇಳಿದ್ದಳು, ಮೇಕೆ ಕೊಳ್ಳುವಾಗಲೂ ಕೇಳಿದ್ದಳು. ಈಗ ಕೇಳದೆ ಹೋಗಲು ಕಾಲು ಬರಲಿಲ್ಲ. ಅವಳ ಸಿಟ್ಟೆಲ್ಲ ಅದಕ್ಕೇ.

"ಕೇಳು ಮಾರಾಯ," ಎಂದು ಗೋರಿಗೆ ಬಾಗಿದಳು. "ಬದುಕಿದ್ದಾಗ ಸಂತೆಗೂ ಒಬ್ಬಳನ್ನೇ ಬಿಡ್ಲಿಲ್ಲ. ಈಗಲಾದ್ರೂ ಬಿಡು. ನಾನು ಹುಟ್ಟಿದೂರು ಅದು!"

ತಾನೇ ಎಸೆದಳು. ನಾಲ್ಕೂ ಬೋರಲು.

ಕೆಳಗೆ ಕೊಲ್ಲಿಯಲ್ಲಿ ಲಂಗರಿನ ಸರಪಳಿ ಎಳೆಯುವ ಸದ್ದು ಎದ್ದಿತು.

"ಹೋಗ್ಲಾ, ಹೋಗ್ಲಾ ಅಂತ ನಿಂದೇ ಕೇಳ್ತೀಯ," ಎಂದಳು ಅಶಾಬಿ. "ಅವನಿಗೇನು ಬೇಕು ಅಂತ ಕೇಳು."

"ಅನ್ನ ಇಟ್ಟೆ, ತಾಳೆಣ್ಣೆಯಲ್ಲಿ ಕಾಳು ಬೇಯಿಸಿಟ್ಟೆ, ರಮ್ ಸುರಿದೆ. ಇನ್ನೇನು, ನನ್ನ ತಲೆ ಬೇಕಂತಾ?"

ಅಶಾಬಿ ಹೋಳುಗಳನ್ನು ಅಂಗೈಯಲ್ಲಿ ಕುಲುಕಿದಳು. "ಅಣ್ಣಾ, ಅತ್ತಿಗೆ ಜೊತೆ ನೀನೂ ಹೋಗ್ತೀಯಾ?"

ಎರಡು ಅಂಗಾತ, ಎರಡು ಬೋರಲು. ಒಪ್ಪಿಗೆ.

"ಅಯ್ಯೋ ನಿನ್ನ!" ಬೆನೆಬಾ ಗೋರಿಗೆ ಒಂದು ಗುದ್ದು ಹಾಕಿದಳು. "ಇವನಿಂದ ಬಿಡಿಸ್ಕೊಳ್ಳೋಣ ಅಂತಲೂ ಹೊರಟಿದ್ದೆ ಕಣೇ!"

ಅಶಾಬಿ ನಕ್ಕಳು. ನಗು ಅರ್ಧಕ್ಕೇ ನಿಂತಿತು. ತಲೆವಸ್ತ್ರ ಬಿಚ್ಚಿ ಹಾಸಿ ಗೋರಿಯ ಹಸಿ ಮಣ್ಣು ಕೆರೆಯತೊಡಗಿದ ಅತ್ತಿಗೆಯ ಕೈ ಹಿಡಿದಳು.

"ಪೂರಾ ತಗೊಂಡು ಹೋಗ್ಬೇಡ. ನಂಗೂ ಒಂಚೂರು ಬಿಡು."

ಹಡಗಿಗೆ ಒಯ್ಯುವ ದೋಣಿಯಲ್ಲಿ ಹುಟ್ಟು ಹಾಕುವವನು ತಲೆವಸ್ತ್ರದ ಗಂಟನ್ನು ನೋಡಿ, "ಏನಜ್ಜಿ ಅದು, ಗೆಣಸಾ?" ಎಂದ.

"ನಿನ್ನ ಕೆಲಸ ನೋಡು."

ಅಲೆಯ ನೀರು ಎಡಗಡೆಯಿಂದ ಎರಚುತ್ತಿತ್ತು. ಬೆನೆಬಾ ಗೊಣಗುತ್ತ ಹಲಗೆಯ ಮೇಲೆ ಎಡಕ್ಕೆ ಸರಿದು ಕೂತು, ಗಂಟಿಗೆ ನೀರು ತಾಗದಂತೆ ಅದನ್ನು ತನ್ನ ಬಲಗಡೆ ಇಟ್ಟುಕೊಂಡಳು.