ಹೊಲಿಗೆ ಮೆಷಿನ್ನು ಗುಡ್ಡ ಹತ್ತಿದ್ದು

ಗುಡುಗು ಮೇಸ್ತ್ರಿ ಎಂದರೆ ಊರಿಗೆಲ್ಲ ಗೊತ್ತು. ಇಡೀ ಸಂಸಾರ ಮೊಣಕಾಲು ಮಡಚಿ ಕೂರುವಂಥ ಪುಟ್ಟ ಕಾರುಗಳ ಹೊಟ್ಟೆಯಿಂದ ಸಣ್ಣ ಎಂಜಿನ್ನು ಕಿತ್ತು, ಗುಜರಿಗೆ ಬಂದ ದೊಡ್ಡ ಕಾರುಗಳ ಎಂಜಿನ್ನು ಕೂರಿಸುವುದು ಅವನ ಕಸುಬು. ಚಟವೂ ಹೌದು. ಮಗಳ ಕಾರೊಂದನ್ನು ಮಾತ್ರ ಹೆಂಡತಿ ಮುಟ್ಟಲು ಬಿಟ್ಟಿರಲಿಲ್ಲ.

ಕೊನೆಗೆ ಕೇಳಿದವಳು ಮಗಳೇ. ಅವಳು ಗುಡ್ಡದಾಚೆಯ ಆಸ್ಪತ್ರೆಯಲ್ಲಿ ನರ್ಸು. ಏರಿನಲ್ಲಿ ಕಾರು ಏದುಸಿರು ಬಿಡುತ್ತದೆ, ಹಿಂದಿನ ಲಾರಿಗಳು ಹಾರ್ನ್ ಹೊಡೆದು ಪ್ರಾಣ ತಿನ್ನುತ್ತವೆ ಎಂದಳು. ಅಷ್ಟು ಸಾಕಾಯಿತು. ಮೇಸ್ತ್ರಿ ಅವಳ ಹಳೆ ಎಂಜಿನ್ನನ್ನು ಹೊಲಿಗೆ ಮೆಷಿನ್ನೆಂದು ಹೀಯಾಳಿಸಿ ಇಳಿಸಿದ. ಪಕ್ಕದ ಬೇಕರಿಯವನದೂ ಅದೇ ಮಾದರಿಯ ಕಾರು, ಎಂಜಿನ್ನು ಕೈಕೊಟ್ಟಿತ್ತು. ಇದನ್ನು ಅದಕ್ಕೆ ಕೂರಿಸಿದ. ಮಗಳ ಕಾರಿಗೆ ಎರಡರಷ್ಟು ಬಲದ್ದು ಬಂತು.

ಹಿಂದಿನ ದಿನ ಓಡಿಸಿ ನೋಡಿದಾಗ ಎಲ್ಲ ಸರಿಯಿತ್ತು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಎಂಜಿನ್ನು ನಿಂತಲ್ಲೇ ಕುಂಟತೊಡಗಿತು. ಎಲ್ಲೋ ಗಾಳಿ ಎಳೆಯುತ್ತಿದೆ ಎಂದು ಅವನು ಒಂದೊಂದೇ ಪೈಪು ಬಿಚ್ಚಿ, ತೂತಿಗೆ ಬೋಲ್ಟು ತುರುಕಿ ಪರೀಕ್ಷಿಸಿದ. ಬ್ರೇಕ್ ಬೂಸ್ಟರಿನ ಪೈಪು ಬಿಚ್ಚಿ ಬೋಲ್ಟು ಹಾಕಿದ್ದೇ ತಡ, ಕುಂಟು ನಿಂತಿತು. ಪೈಪು ಸೀಳಿತ್ತು. ಹೊಸದನ್ನು ಅಳತೆಗೆ ಕತ್ತರಿಸಿ ಬೆಂಚಿನ ಮೇಲಿಟ್ಟ. ಅಷ್ಟರಲ್ಲಿ ಎಂಜಿನ್ನಿನ ದನಿ ಎಷ್ಟು ನಯವಾಗಿತ್ತೆಂದರೆ, ಅದಕ್ಕೆ ಕಿವಿಗೊಟ್ಟು ನಿಂತ ಮಹಾಶಯ ಉಳಿದದ್ದೆಲ್ಲ ಮರೆತ. ಮಗಳು ಚೀಲ ಹೆಗಲಿಗೇರಿಸಿ ಬಂದಳು. ದೊಡ್ಡ ಎಂಜಿನ್ನಿಗೆಂದು ಹಾಕಿದ್ದ ಹೊಸ ಕ್ಲಚ್ಚನ್ನು ನೆನೆದು, "ಪೆಡಲ್ ಬಿಗಿ ಅನ್ಸುತ್ತೆ, ಹೆದರ್ಬೇಡ, ಜೋರಾಗಿ ಒತ್ತು" ಎಂದು ಹೇಳಿ ಬಾನೆಟ್ಟು ಮುಚ್ಚಿದ.

ಅವಳು ಹೋದಮೇಲೆ ಬೆಂಚು ಒರೆಸಲು ಹೋದಾಗ ಆ ಹೊಸ ಪೈಪು ಕೈಗೆ ಸಿಕ್ಕಿತು.

ಕಾಲಿನ ಸಣ್ಣ ಒತ್ತನ್ನು ದೊಡ್ಡದು ಮಾಡುವುದೇ ಬೂಸ್ಟರು. ಅದಕ್ಕೆ ಬಲ ಬರುವುದು ಆ ಪೈಪಿನಿಂದ. ಪೈಪಿಲ್ಲದಿದ್ದರೆ ಒಳಗೆ ಉಳಿದ ಬಲದಲ್ಲಿ ಒಂದೆರಡು ಸಲ ಬ್ರೇಕು ಹಿಡಿಯುತ್ತದೆ, ಆಮೇಲೆ ಪೆಡಲ್ಲು ಕಲ್ಲು. ಊರೊಳಗೆ ಹೇಗೋ ನಿಲ್ಲಿಸಿಬಿಡಬಹುದು. ಗುಡ್ಡದಾಚೆಯ ಇಳಿಜಾರಿನಲ್ಲಿ ಆಗದು. ಪೆಡಲ್ಲು ಕಲ್ಲಾದರೂ ಮಗಳು ಹೆದರುವುದಿಲ್ಲ. ಅಪ್ಪ ಹೇಳಿದ್ದಾನಲ್ಲ, ಅದೂ ಯಾವ ಪೆಡಲ್ಲೆಂದು ಹೇಳದೆ.

ಫೋನು ಮಾಡಿದ. ರಿಂಗಾಗುತ್ತಲೇ ಇತ್ತು. ಓಡಿಸುವಾಗ ಫೋನು ಮುಟ್ಟಿದರೆ ಕೀ ಕಿತ್ತುಕೊಳ್ಳುತ್ತೇನೆಂದು ಅವಳಿಗೆ ಬುದ್ಧಿ ಹೇಳಿದವನೂ ಈ ಮನುಷ್ಯನೇ.

ಬೇಕರಿಯವನು ಬ್ರೆಡ್ಡಿನ ಟ್ರೇಗಳನ್ನು ಕಾರಿಗೆ ತುಂಬುತ್ತಿದ್ದ. ಮೇಸ್ತ್ರಿ ಅವನ ಕೈಯಿಂದ ಕೀ ಕಸಿದು, ಪೈಪನ್ನು ಜೇಬಿಗೆ ತುರುಕಿ ಹೊರಟೇಬಿಟ್ಟ. ಹಿಂದಿನಿಂದ ಬಂದ ಬೈಗುಳ ಅವನ ಕಿವಿಗೆ ಬೀಳಲಿಲ್ಲ.

ಏರು ಶುರುವಾಯಿತು. ತಾನು ಹೀಯಾಳಿಸಿದ್ದ ಅದೇ ಎಂಜಿನ್ನು ಈಗ ಅವನ ಕಾಲಡಿಯಲ್ಲಿ ಟಕಟಕ ಎನ್ನುತ್ತ ತೆವಳಿತು. ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿದರೂ ಅಷ್ಟೇ. ಲಾರಿಗಳು ಹಾರ್ನ್ ಹೊಡೆದು ಮುಂದೆ ಹೋದವು. ಅವನು ಸ್ಟಿಯರಿಂಗಿಗೆ ಗುದ್ದಿದ, ಎಂಜಿನ್ನನ್ನು ಬೈದ, ಆಮೇಲೆ ಅದನ್ನೇ ಅಂಗಲಾಚಿದ, ಇವತ್ತೊಂದು ದಿನ ಓಡು ತಾಯಿ ಎಂದ. ಅವಳು ಇಷ್ಟು ಹೊತ್ತಿಗೆ ಗುಡ್ಡದ ನೆತ್ತಿ ದಾಟಿರುತ್ತಾಳೆ. ಏರಿನಲ್ಲಿ ಅವಳ ಕಾರು ಯಾರ ಕೈಗೂ ಸಿಗಬಾರದು ಎಂದೇ ಅಲ್ಲವೇ ತಾನು ಅಷ್ಟೆಲ್ಲ ಒದ್ದಾಡಿದ್ದು. ಹೆಂಡತಿಗೆ ಫೋನು ಮಾಡಲು ಕೈ ಬರಲಿಲ್ಲ. ಮಾಡಿ ಏನು ಹೇಳುವುದು? ಪ್ರತಿ ತಿರುವಿನಲ್ಲೂ ಜನ ಗುಂಪುಗೂಡಿದ್ದಾರೇನೋ ಎಂದು ನೋಡಿದ, ಇಲ್ಲದಿದ್ದಾಗ ಒಂದು ತಿರುವಿನಷ್ಟು ಉಸಿರಾಡಿದ.

ನೆತ್ತಿ ದಾಟಿ ಇಳಿಯುವಾಗ ರಸ್ತೆಬದಿಯ ತಡೆಗೋಡೆಯ ಮೇಲೆ ನೀಲಿ ಬಣ್ಣದ ಗೀರು ಕಂಡಿತು. ಅವಳ ಕಾರಿನ ಬಣ್ಣ. ಗೀರು ಮುಗಿಯಲೇ ಇಲ್ಲ. ಅವನಿಗೆ ಅಳು ಬಂದುಬಿಟ್ಟಿತು, ಅಳುತ್ತಲೇ ಓಡಿಸಿದ.

ತಿರುವಿನಾಚೆ ಕಾರು ಗೋಡೆಗೆ ಆತು ನಿಂತಿತ್ತು. ಮಗಳು ಗೋಡೆಯ ಮೇಲೆ ಕೂತು, ನಡುಗುವ ತೊಡೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದಳು. ಅಪ್ಪನನ್ನು ಕಂಡವಳೇ ತಪ್ಪು ಮಾಡಿದವಳಂತೆ ಎದ್ದು ನಿಂತಳು.

"ಬೈಬೇಡ ಅಪ್ಪ. ಬಿಗಿ ಇರುತ್ತೆ ಅಂತ ನೀನೇ ಅಂದಿದ್ದೆ ಅಲ್ವಾ, ಜೋರಾಗೇ ಒತ್ತಿದೆ. ಎರಡೂ ಕಾಲಲ್ಲಿ ಒತ್ತಿದೆ. ನನ್ ಕಾಲಿಗೆ ಶಕ್ತಿ ಸಾಲ್ಲಿಲ್ಲ. ಅದಕ್ಕೇ ಗೋಡೆಗೆ ಉಜ್ಜಿ ನಿಲ್ಸಿದೆ."

ಸುಮ್ಮನಿದ್ದುಬಿಡಬಹುದಿತ್ತು. ಬಾನೆಟ್ಟಿನೊಳಗೆ ಅವಳು ನೋಡಿರಲಿಲ್ಲ. ಅವನು ಬಾನೆಟ್ಟು ಎತ್ತಿದ, ಬೋಲ್ಟನ್ನು ಎಳೆದು ತೆಗೆದು ಅವಳ ಅಂಗೈ ಮೇಲಿಟ್ಟ. ಜೇಬಿನ ಪೈಪನ್ನೂ ಇಟ್ಟ.

"ನಿನ್ ಕಾಲಲ್ಲ ಮಗಳೇ," ಎಂದ.

ಗ್ಯಾರೇಜಿನಲ್ಲೇ ಆಡಿ ಬೆಳೆದವಳು. ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವನು ಬೈಗುಳಕ್ಕೆ ಕಾದ, ಒಂದೇಟು ಹೊಡೆದರೂ ಚೆನ್ನಾಗಿತ್ತು. ಅವಳು ಎರಡನ್ನೂ ಅವನ ಜೇಬಿಗೇ ವಾಪಸು ಹಾಕಿ, ಬೇಕರಿಯವನ ಕೀಗೆ ಕೈ ಚಾಚಿದಳು.

"ಡ್ಯೂಟಿಗೆ ಹೊತ್ತಾಯ್ತು. ನಾನ್ ಓಡಿಸ್ತೀನಿ."

ಅವನು ಪಕ್ಕದಲ್ಲಿ ಕೂತ. ಹೊಲಿಗೆ ಮೆಷಿನ್ನು ಶುರುವಾಯಿತು. ಮಗಳು ಹೊರಡಲಿಲ್ಲ. ಮೊದಲು ಬ್ರೇಕು ಒತ್ತಿ ನೋಡಿದಳು. ಇನ್ನೊಮ್ಮೆ ಒತ್ತಿದಳು, ಮತ್ತೊಮ್ಮೆ. ಅಪ್ಪ ಮುಟ್ಟಿದ ಕಾರನ್ನು ಅವಳು ಹೀಗೆ ಪರೀಕ್ಷಿಸಿದ್ದು ಇದೇ ಮೊದಲು.